ಜಗಳೂರು ಬಂದಳು

ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ಭೀಮಕ್ಕ ಆಡಿದ್ದು ಎರಡೇ ಮಾತು. "ಹೌದ್ರಿ, ಜಗಳೂರೇ." ಎರಡೂ ಸತ್ಯ. ಆಮೇಲೆ ಆದದ್ದಕ್ಕೆಲ್ಲ ಆ ಸತ್ಯವೇ ಕಾರಣ.

ಆಕೆ ಬಂದದ್ದು ಮಗ ಪ್ರದೀಪನಿಗೆ ಹೆಣ್ಣು ನೋಡಲು. ಪ್ರದೀಪನಿಗೆ ಮೂವತ್ತನಾಲ್ಕು, ಮಾಡುವುದು ಒಕ್ಕಲುತನ. ಈ ಕಾಲದಲ್ಲಿ ಅಷ್ಟು ಹೇಳಿದರೆ ಹೆಣ್ಣಿನ ಕಡೆಯವರು ಕಾಫಿ ತರಲು ಒಳಗೆ ಹೋದವರು ಹೊರಗೆ ಬರುವುದಿಲ್ಲ. ಹೇಗೋ ಕಾಫಿಯವರೆಗೆ ಬಂದ ಮೂರು ಸಂಬಂಧಗಳನ್ನು ಗಂಡ ಪಾಲಣ್ಣನ ಬಾಯಿ ಕೆಡಿಸಿತ್ತು. ಒಂದು ಮನೆಯಲ್ಲಂತೂ ಮೂಲೆಯಲ್ಲಿ ಮಲಗಿದ್ದ ಹುಡುಗಿಯ ಅಜ್ಜನನ್ನು ನೋಡಿ, ಹಾಗಾದರೆ ಮದುವೆ ಬೇಗ ಮುಗಿಸೋಣ, ಸೂತಕ ಅಡ್ಡ ಬರುವುದು ಬೇಡ ಎಂದುಬಿಟ್ಟಿದ್ದ.

ಆದ್ದರಿಂದ ಈ ಸಲ ಗಂಡಸರು ಹೋಗುವ ಮೊದಲು ಭೀಮಕ್ಕ ಒಬ್ಬಳೇ ಹೋಗಿ ಸುಮ್ಮನೆ ನೋಡಿಕೊಂಡು ಬರುವುದೆಂದಾಯಿತು. ಸುಮ್ಮನಿರುವುದರಲ್ಲಿ ಆಕೆಯನ್ನು ಮೀರಿಸುವವರು ಇಡೀ ಜಗಳೂರು ತಾಲೂಕಿನಲ್ಲಿ ಇರಲಿಲ್ಲ. ಮದುವೆ ಮಾಡಿಸುವ ಚಿತ್ತಪ್ಪ ಎಂಬಾತ ಹೊನ್ನಾಳಿ ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋಗುವವನಿದ್ದ. ಅವನು ಈಕೆಯನ್ನು ನೋಡಿರಲಿಲ್ಲ, ಈಕೆ ಅವನನ್ನು ನೋಡಿರಲಿಲ್ಲ. ಮಾತುಕತೆಯೆಲ್ಲ ಪಾಲಣ್ಣನ ಫೋನಿನಲ್ಲಿ.

"ಅಲ್ಲಿ ಹೋಗಿ ಬಾಯಿ ಬಿಡಬ್ಯಾಡ," ಎಂದು ಪಾಲಣ್ಣ ಹೇಳಿ ಕಳಿಸಿದ್ದ. "ಯಾರು ಏನ್ ಅಂದ್ರೂ ಹೂಂ ಅನ್ನು. ಇದೂ ತಪ್ಪಿದ್ರೆ ಇವನು ಹಂಗೇ ಉಳೀತಾನೆ."

ಹೀಗಾಗಿ, ಸ್ಟ್ಯಾಂಡಿನ ಆ ಕಡೆಯಿಂದ ಮೂವರು ಹೆಂಗಸರು "ಜಗಳೂರು, ಜಗಳೂರು ಅಲ್ಲೇನೆ?" ಎನ್ನುತ್ತ ಓಡಿ ಬಂದಾಗ ಭೀಮಕ್ಕ ಆ ಎರಡು ಮಾತು ಆಡಿದಳು. ಮೂವರೂ ಆಕೆಯನ್ನು ತಬ್ಬಿಕೊಂಡರು. ಒಬ್ಬಾಕೆ ಅತ್ತೇಬಿಟ್ಟಳು. ಹುಡುಗಿಯ ಚಿಕ್ಕಮ್ಮಂದಿರಿರಬೇಕು, ಇಷ್ಟು ಅಕ್ಕರೆಯ ಬೀಗರು ಯಾರಿಗೆ ಸಿಕ್ಕಾರು ಎಂದುಕೊಂಡು ಭೀಮಕ್ಕ ಅವರ ಹಿಂದೆಯೇ ನ್ಯಾಮತಿ ಕಡೆಯ ಬಸ್ ಹತ್ತಿದಳು.

ಬಸ್ಸು ಹೊರಟ ಮೇಲೆ ಒಬ್ಬಾಕೆ ತೊಡೆಗೆ ತಟ್ಟಿ ಕೇಳಿದಳು: "ವಾರ್ಡನ್ ಕೊಡೆ ಮುರಿದಿದ್ದು ನೆನಪೈತೇನೆ?"

"ಹೂಂ," ಎಂದಳು ಭೀಮಕ್ಕ.

ಆ ಮೂವರು ಶಂಕರಮ್ಮ, ಅರುಣಾ, ಚೌಡೇಶ್ವರಿ. ನಲವತ್ತು ವರ್ಷದ ಹಿಂದೆ ಶಿಕ್ಷಕ ತರಬೇತಿಯ ಟಿ.ಸಿ.ಎಚ್. ಓದುವಾಗ ದಾವಣಗೆರೆಯ ಒಂದು ಹಾಸ್ಟೆಲಿನಲ್ಲಿ ಒಂದೇ ರೂಮಿನಲ್ಲಿದ್ದವರು. ರೂಮಿನಲ್ಲಿ ಯಾರಿಗೂ ಹೆಸರಿರಲಿಲ್ಲ, ಊರೇ ಹೆಸರು. ಶಂಕರಮ್ಮ ಚನ್ನಗಿರಿ, ಅರುಣಾ ಹೊನ್ನಾಳಿ, ಚೌಡೇಶ್ವರಿ ನ್ಯಾಮತಿ. ಆಗ ನ್ಯಾಮತಿ ಹೊನ್ನಾಳಿ ತಾಲೂಕಿಗೇ ಸೇರಿತ್ತಾದ್ದರಿಂದ ಹೊನ್ನಾಳಿ ಎರಡು ವರ್ಷ ನ್ಯಾಮತಿಯ ಕೈಯಲ್ಲಿ ನೀರು ಹೊರಿಸಿದ್ದಳು. ಈಗ ತಾಲೂಕು ಬೇರೆಯಾಗಿ ನ್ಯಾಮತಿಯ ಕತ್ತು ಸ್ವಲ್ಪ ಎತ್ತರವಾಗಿತ್ತು. ನಾಲ್ಕನೆಯವಳೇ ಜಗಳೂರು. ಹೆಸರಿಗೆ ತಕ್ಕ ಬಾಯಿ. ಈ ಮೂವರೂ ಆಕೆಯನ್ನು ನಲವತ್ತು ವರ್ಷದಿಂದ ಕಂಡಿರಲಿಲ್ಲ. ಈ ದಿನ ನಾಲ್ವರೂ ಹೊನ್ನಾಳಿ ಸ್ಟ್ಯಾಂಡಿನಲ್ಲಿ ಸೇರಿ ತೀರ್ಥರಾಮೇಶ್ವರದ ಗುಡ್ಡಕ್ಕೆ ಹೋಗುವುದೆಂದು ವಾಟ್ಸಾಪಿನಲ್ಲಿ ಮಾತಾಗಿತ್ತು; ಅಲ್ಲಿ ಆಕೆಯ ಮುಖವಿರಬೇಕಾದಲ್ಲಿ ಒಂದು ಗುಲಾಬಿ ಹೂವಿತ್ತು.

ಕೊಡೆಯ ನಂತರ ಗೋಡೆ ಹಾರಿದ್ದು ಬಂತು, ಪರೀಕ್ಷೆಯ ಹಿಂದಿನ ದಿನ ಇಲಿ ಬಿಟ್ಟದ್ದು ಬಂತು. ಇಲಿಯ ಹೊತ್ತಿಗೆ ಭೀಮಕ್ಕನಿಗೆ ಇದು ಬೀಗರ ಮಾತಲ್ಲ ಎಂದು ಹೊಳೆಯಿತು. ಗಂಡನ ಆಣತಿ ಮುರಿದು ಬಾಯಿ ಬಿಟ್ಟಳು. ತಾನು ಭೀಮಕ್ಕ, ಮಗನಿಗೆ ಹೆಣ್ಣು ನೋಡಲು ಬಂದವಳು, ಓದಿದ್ದು ಐದನೇ ಇಯತ್ತೆ ಎಂದಳು. ಸಾಕ್ಷಿಗೆ ಆಧಾರ್ ಕಾರ್ಡನ್ನೂ ತೋರಿಸಿದಳು.

ಚನ್ನಗಿರಿ ಅದನ್ನು ನೋಡಿ ಕನಿಕರದಿಂದ ತಲೆಯಾಡಿಸಿದಳು. "ಗಂಡನ ಮನೇಲಿ ಹೆಸರು ಬದಲಿಸಿದ್ರೇನೆ? ಅದೂ ಭೀಮಕ್ಕ ಅಂತ."

"ಫೋಟೋನಾದ್ರೂ ನೋಡ್ರಿ."

"ಆಧಾರಿನಾಗೆ ಯಾರು ತಾನೆ ತಮ್ಮಂಗೆ ಕಾಣ್ತಾರೆ, ಬಿಡು," ಎಂದಳು ಹೊನ್ನಾಳಿ. "ವಾರ್ಡನ್‌ಗೂ ಹಿಂಗೇ ದಿನಕ್ಕೊಂದು ಕತೆ ಹೇಳ್ತಿದ್ದಿ."

ಅಷ್ಟರಲ್ಲಿ ದಾರಿಯ ಒಂದು ಹಳ್ಳಿಯಲ್ಲಿ ಬಸ್ಸು ನಿಂತಿತು. ಮೇಲಿನ ತಿಂಡಿಚೀಲ ತೆಗೆಯಲು ಚೌಡೇಶ್ವರಿ ಸೀಟಿನ ಮೇಲೆ ಹತ್ತಿ ನಿಂತಳು. ಬಿದ್ದಾಳೆಂದು ಚನ್ನಗಿರಿ ಕೂಗಿದಳು: "ನ್ಯಾಮತಿ, ಇಳಿ ಇಳಿ, ಬೇಗ ಇಳಿ."

ತೂಕಡಿಸುತ್ತಿದ್ದ ಏಳು ಜನ ಗಂಟುಮೂಟೆ ಸಮೇತ ಧಡಧಡನೆ ಇಳಿದರು. ಬಸ್ಸು ಎರಡು ಫರ್ಲಾಂಗು ಹೋದ ಮೇಲೆ, ಹಿಂದೆ ಧೂಳಿನಲ್ಲಿ ಏಳು ಜನ ಕೈಬೀಸಿಕೊಂಡು ಓಡಿ ಬರುತ್ತಿರುವುದು ಕಂಡಕ್ಟರ್ ಸತೀಶ್ ಕುಮಾರನಿಗೆ ಕಂಡಿತು. ಅವರನ್ನೆಲ್ಲ ಹತ್ತಿಸಿಕೊಂಡು, ಕೂಗಿದವರು ಯಾರು ಎಂದು ವಿಚಾರಣೆಗೆ ನಿಂತ. ಮೂವರೂ ಭೀಮಕ್ಕನನ್ನು ಮುಂದೆ ತಳ್ಳಿದರು. "ನೀನು ಮಾತಾಡೇ ಜಗಳೂರು. ಇವನೇನು ಲೆಕ್ಕ ನಿನಗೆ."

ಭೀಮಕ್ಕ ಕೈಮುಗಿದಳು. "ತಪ್ಪು ನಮ್ಮದೇ ಐತಪ್ಪ. ಬೇಕಾದ್ರೆ ನಮ್ಮನ್ನ ಇಲ್ಲೇ ಇಳಿಸು."

ಸತೀಶ್ ಕುಮಾರನಿಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಕೂಡಲೇ ಸೀಟಿ ಊದಿದ.

ನಡುದಾರಿಯಲ್ಲಿ ನಿಂತು ಹೊನ್ನಾಳಿ, "ಜಗಳದ ಧಾಟಿನೇ ಬದಲಾಗೈತಲ್ಲೇ ನಿಂದು," ಎಂದಳು. ಭೀಮಕ್ಕ ಹಿಂದಿರುಗುವ ಬಸ್ಸಿಗಾಗಿ ರಸ್ತೆಯ ಆಚೆಗೆ ಹೋಗಿ ನಿಂತಳು. ಆದರೆ ಬಂದದ್ದು ತೀರ್ಥರಾಮೇಶ್ವರದ ಕಡೆಗೆ ಹೊರಟಿದ್ದ ಒಂದು ಲಗೇಜ್ ಆಟೋ. ಇಬ್ಬರು ರಟ್ಟೆ ಹಿಡಿದರು, ಒಬ್ಬಾಕೆ ಹಿಂದಿನಿಂದ ನೂಕಿದಳು. ಗೊಬ್ಬರದ ಚೀಲದಂತೆ ಒಳಗೆ ಕೂತಾಗ ಭೀಮಕ್ಕನ ಕಣ್ಣ ಮುಂದೆ ಇದ್ದದ್ದು ಪ್ರದೀಪನ ಮುಖ ಒಂದೇ. ಚಾಲಕ, ವಾಪಸು ನಾಲ್ಕು ಗಂಟೆಗೇ ಎಂದು ಹೇಳಿ ಗುಡ್ಡದ ಮೇಲೆ ಇಳಿಸಿ ಹೋದ.

ಮರದ ಕೆಳಗೆ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳು ತೆರೆದವು. ಹೇಗೂ ನಾಲ್ಕರವರೆಗೆ ಗತಿಯಿಲ್ಲ. ಭೀಮಕ್ಕ ತಿನ್ನುತ್ತ ಕೇಳಿಸಿಕೊಂಡಳು. ಜ್ವರ ಬಂದಾಗ ನೀನೇ ಅಲ್ವೇನೆ ನನ್ನ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ದು ಎಂದು ಚನ್ನಗಿರಿ ಆಕೆಯ ಕೈ ಹಿಡಿದುಕೊಂಡಳು. ತಮ್ಮನನ್ನು ಎತ್ತಿಕೊಳ್ಳಲಿಕ್ಕೆಂದು ಐದಕ್ಕೇ ಶಾಲೆ ಬಿಟ್ಟ ಭೀಮಕ್ಕನಿಗೆ, ನೆನಪೈತೇನೆ ಎಂದು ಕೇಳುವವರು ಇಡೀ ಆಯುಷ್ಯದಲ್ಲಿ ಯಾರೂ ಇರಲಿಲ್ಲ. ಇಲ್ಲ ಎನ್ನಲು ಮನಸ್ಸಾಗಲಿಲ್ಲ.

"ಅಲ್ಲ, ಆವತ್ತು ಅಡಿಗೆಯವನ ತಲೆ ಮೇಲೆ ಸಾರು ಸುರಿದೆಯಲ್ಲ, ಯಾಕೇ?" ಎಂದು ನ್ಯಾಮತಿ ಕೇಳಿದಳು.

ಭೀಮಕ್ಕ ಒಂದು ಗಳಿಗೆ ಯೋಚಿಸಿದಳು. "ಉಪ್ಪು ಜಾಸ್ತಿ ಹಾಕಿದ್ದ."

"ನೋಡು, ಇನ್ನೂ ನೆನಪೈತೆ ಅವಳಿಗೆ," ಎಂದು ಮೂವರೂ ಚಪ್ಪಾಳೆ ತಟ್ಟಿದರು.

ಆಗ ಭೀಮಕ್ಕನ ಫೋನು ಬಡಿದುಕೊಂಡಿತು. ಪಾಲಣ್ಣ.

"ಚಿತ್ತಪ್ಪ ಫೋನ್ ಮಾಡಿದ್ದ. ಬಾಳ ಚೆನ್ನಾಗಿ ಮಾತಾಡ್ತಿದೀಯಂತೆ. ಮನೆಯೋರೆಲ್ಲ ನಕ್ಕು ನಕ್ಕು ಸುಸ್ತಾಗವ್ರಂತೆ. ಸ್ವಲ್ಪ ಕಮ್ಮಿ ಮಾಡು."

"ರೀ, ನಾನು ಗುಡ್ಡದ ಮೇಲೆ ಇದೀನಿ."

"ಅವರ ಮನೆ ಗುಡ್ಡದ ಮೇಲೈತಾ? ಚಿತ್ತಪ್ಪ ಹೇಳಿರಲಿಲ್ಲ," ಎನ್ನುವಷ್ಟರಲ್ಲಿ ಸಿಗ್ನಲ್ ಹೋಯಿತು.

ಪಾಲಣ್ಣನ ದೊಡ್ಡ ದನಿ ಕೇಳಿಸಿಕೊಂಡಿದ್ದ ಮೂವರೂ ಆಕೆಯ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದರು.

"ನಮ್ಮಾಕೆಗೆ ಗದ್ದದ ಮೇಲೆ ಮಚ್ಚೆ ಇತ್ತಲ್ವೇನೆ?" ಎಂದಳು ಚನ್ನಗಿರಿ ಮೆಲ್ಲಗೆ.

ನಾಲ್ಕು ಗಂಟೆಗೆ ಅದೇ ಆಟೋ ಹತ್ತಿದರು. ಹೊನ್ನಾಳಿ ಸ್ಟ್ಯಾಂಡು ಮುಟ್ಟಿದಾಗ ಆರು. ಕಲ್ಲುಬೆಂಚಿನ ಮೇಲೆ, ಹೂ ಮುಡಿದು, ಮಡಿಲಲ್ಲಿ ಅಕ್ಕಿ ಕೊಬ್ಬರಿ ಕಟ್ಟಿಕೊಂಡು, ಗದ್ದದ ಮೇಲೆ ಮಚ್ಚೆಯಿರುವ ಒಬ್ಬ ಹೆಂಗಸು ಕೂತಿದ್ದಳು. ದುರ್ಗಾಂಬಿಕಾ. ನಿಜವಾದ ಜಗಳೂರು. ಇವರನ್ನು ಕಂಡದ್ದೇ ಶುರುಮಾಡಿದಳು.

"ಎಲ್ಲಿ ಸತ್ತಿದ್ರೇ ನೀವು? ಯಾವನೋ ಚಿತ್ತಪ್ಪ ಬಂದು, ಜಗಳೂರಾ ಅಂದ. ಹೌದು ಅಂದೆ. ನೀವೇ ಕಳಿಸೀರಿ ಅಂತ ಹೋದೆ. ಹೊನ್ನಾಳಿ ಎಲ್ಲಿ ಅಂತ ಕೇಳಿದ್ರೆ, ಇದೇ ಹೊನ್ನಾಳಿ ಅಂದ್ರು. ಇನ್ನೇನ್ ಕೇಳ್ಲಿ? ಉಪ್ಪಿಟ್ಟು ಕೊಟ್ರು, ತಿಂದೆ. ಹುಡುಗಿ ಕಾಫಿ ತಂದಿಟ್ಟು ಕಾಲಿಗೆ ಬಿದ್ಲು. ಆವಾಗ ಗೊತ್ತಾತು."

"ತಪ್ಪಾಗೈತೆ ಅಂತ ಹೇಳ್ಲಿಲ್ಲೇನೆ?" ಎಂದು ಹೊನ್ನಾಳಿ ಕೇಳಿದಳು.

"ಯಾಕೆ ಹೇಳ್ಲಿ? ನನ್ನ ಮಗ ವಿನೋದನಿಗೂ ಹೆಣ್ಣು ಸಿಕ್ಕಿಲ್ಲ, ಮೂವತ್ತಾರು ತುಂಬೈತೆ. ಅವನದೂ ಒಕ್ಕಲುತನ. ಪ್ರದೀಪ ಅಲ್ವಾ ಅಂದ್ರು. ಅಲ್ಲ, ವಿನೋದ ಅಂದೆ. ಚಿತ್ತಪ್ಪ ಯಾವತ್ತು ಸರಿಯಾಗಿ ಹೇಳ್ಯಾನೆ ಅಂತ ಅವರೇ ನಕ್ರು. ಬೆಡಗು ಹೊಂದ್ತು, ಮನೆದೇವರು ಹೊಂದ್ತು, ಹುಡುಗಿ ಫೋಟೋ ನೋಡಿ ಹೂಂ ಅಂದ್ಲು. ಗೊತ್ತು ಮಾಡ್ಕೊಂಡೇ ಬಂದೆ."

ಮೂವರೂ ಭೀಮಕ್ಕನ ಕಡೆ ನೋಡಲಿಲ್ಲ. ಭೀಮಕ್ಕನೇ ಕೇಳಿದಳು. "ಒಕ್ಕಲುತನ ಅಂದ ಮೇಲೂ ಹೆಂಗ್ ಒಪ್ಪಿದ್ರು, ಅಕ್ಕಾ?"

"ಅವರ ಅಜ್ಜಿ ಒಪ್ಸಿದ್ಲು ನೋಡು. ಅತ್ತೆ ಆಗೋಳು ಬಾಯಿ ಇಲ್ದೋಳು ಅಂತ ಕೇಳಿ ಅವರು ಹೆದರಿದ್ರಂತೆ. ಬಾಯಿ ಇಲ್ದೋರು ಸಿಟ್ಟೆಲ್ಲ ಒಳಗೇ ಇಟ್ಕೋತಾರೆ, ಸೊಸೆ ಬದುಕಾಕೆ ಆಗಲ್ಲ ಅಂತ. ನನ್ನ ಮಾತು ಕೇಳಿ ಅಜ್ಜಿಗೆ ಜೀವ ಬಂತು." ದುರ್ಗಾಂಬಿಕಾ ಈಗ ಭೀಮಕ್ಕನನ್ನು ಮೇಲಿಂದ ಕೆಳಗೆ ನೋಡಿದಳು. "ಇವರು ಯಾರೇ?"

ಯಾರೂ ಉತ್ತರಿಸುವ ಮೊದಲು ಭೀಮಕ್ಕನಿಗೆ ಫೋನು ಬಂತು. ಪಾಲಣ್ಣ ಆ ಕಡೆಯಿಂದ ಊರಿಗೆಲ್ಲ ಕೇಳುವಂತೆ ಮಾತಾಡುತ್ತಿದ್ದ. ಚಿತ್ತಪ್ಪ ವಿಷಯ ತಿಳಿಸಿದನಂತೆ, ಹೆಣ್ಣಿನ ಕಡೆಯವರು ಒಪ್ಪಿದರಂತೆ, ಬೀದಿಯವರಿಗೆಲ್ಲ ಹೇಳಿ ಆಯಿತಂತೆ. ಭೀಮಕ್ಕ ಫೋನನ್ನು ದುರ್ಗಾಂಬಿಕೆಯ ಕೈಗೆ ಕೊಟ್ಟಳು.

"ನಮ್ಮ ಯಜಮಾನ್ರು. ನೀವೇ ಹೇಳಿಬಿಡ್ರಿ, ಅಕ್ಕಾ."

ದುರ್ಗಾಂಬಿಕಾ ಫೋನು ಹಿಡಿದು ಸ್ವಲ್ಪ ದೂರ ಹೋದಳು. ಮೊದಲು ಕೂಗಾಟ ಕೇಳಿಸಿತು, ಆಮೇಲೆ ಮಾತು, ಆಮೇಲೆ ನಗು. ಹತ್ತು ನಿಮಿಷದ ಮೇಲೆ ಬಂದು ಫೋನು ಹಿಂದಕ್ಕೆ ಕೊಟ್ಟಳು.

"ಬಾಳ ಒಳ್ಳೆ ಮನುಷ್ಯ ಕಣಮ್ಮ ನಿಮ್ಮ ಯಜಮಾನ್ರು. ಎಲ್ಲಾ ಅರ್ಥ ಮಾಡ್ಕೊಂಡ್ರು. ನನ್ನ ಮಗನ ಮದುವೆಗೆ ಅಡಿಗೆಯೋರನ್ನ ತಾವೇ ಗೊತ್ತು ಮಾಡಿಕೊಡ್ತಾರಂತೆ. ನೀವು ನಾಲ್ಕು ದಿನ ಮುಂಚೆನೇ ಬಂದು ರೊಟ್ಟಿ ಬಡೀತೀರಂತೆ."