ಹಂಗಾಮಿ ಕಲ್ಮೇಶನ ಬ್ಯಾಕಪ್

ಎಲ್ಲದಕ್ಕೂ ಮೂಲ ಒಂದು ಚಿಟಿಕೆ ಭಂಡಾರ. ಎಲ್ಲಮ್ಮನ ಗುಡ್ಡದಿಂದ ತಂದ ಆ ಅರಿಷಿಣದ ಪುಡಿಯನ್ನು ಮನೋಳಿಯ ಮಂದಿ ಹಣೆಗೆ ಹಚ್ಚುತ್ತಾರೆ, ಎತ್ತಿಗೆ ಹಚ್ಚುತ್ತಾರೆ, ಹೊಸ ಟ್ರ್ಯಾಕ್ಟರಿಗೂ ಹಚ್ಚುತ್ತಾರೆ. ಇಲ್ಲಿಯವರೆಗೆ ಯಾರಿಗೂ ಏನೂ ಆಗಿಲ್ಲ. ಆದರೆ 2003ರ ಜೂನ್ ಎರಡನೇ ತಾರೀಖು ಸೋಮವಾರ ಬೆಳಿಗ್ಗೆ ಹೈಸ್ಕೂಲಿನ ಆಫೀಸಿನಲ್ಲಿ ಸಿಪಾಯಿ ಮಾಳಪ್ಪ ಅದನ್ನು ಫ್ಲಾಪಿಗಳಿಗೆ ಹಚ್ಚಿದ. ಮೇಲೆ ಮೇಲೆ ಹಚ್ಚಿದ್ದರೆ ಒರೆಸಿಬಿಡಬಹುದಿತ್ತು. ಮಾಳಪ್ಪನದು ಅರೆಮನಸ್ಸಿನ ಭಕ್ತಿಯಲ್ಲ. ಫ್ಲಾಪಿಯ ತಗಡಿನ ಬಾಗಿಲು ಸರಿಸಿ, ಒಳಗಿನ ಕರಿಯ ಬಿಲ್ಲೆಗೇ ಬೆರಳಿಟ್ಟು ಹಚ್ಚಿದ್ದ.

ಕಲ್ಮೇಶ ಬಂದು ನೋಡಿದವನೇ ಫ್ಲಾಪಿಗಳನ್ನು ಕಸಿದುಕೊಂಡ.

"ಕಾಕಾ! ಎಷ್ಟಕ್ಕ ಹಚ್ಚಿದಿ?"

"ಮೂರಕ್ಕ ಹಚ್ಚೂದ್ರಾಗ ಭಂಡಾರ ತೀರಿತು ನೋಡಪಾ. ಉಳಿದ ಹತ್ತೊಂಬತ್ತಕ್ಕ ಬರೇ ಕೈ ಮುಗದೇನಿ. ಸಿಟ್ಟಾಗಬ್ಯಾಡ. ನಿನ್ನ ಕೆಲಸ ಕಾಯಂ ಆಗಲಿ ಅಂತನ ಮಾಡೇನಿ."

ಸಿಟ್ಟಾಗುವುದು ಹೇಗೆ? ಹರಕೆ ಹೊತ್ತವನ ಕೈ ಮುರಿಯಲು ಬರುತ್ತದೆಯೇ?

ಮನೋಳಿಯಲ್ಲಿ ಕಲ್ಮೇಶರಿಗೆ ಬರವಿಲ್ಲ. ಕಿರಾಣಿ ಕಲ್ಮೇಶ ಇದ್ದಾನೆ, ಬೋರ್‌ವೆಲ್ ಕಲ್ಮೇಶ ಇದ್ದಾನೆ. ಇವನು ಹಂಗಾಮಿ ಕಲ್ಮೇಶ. 1996ರಲ್ಲಿ ಈ ಶಿಕ್ಷಣ ಸಂಸ್ಥೆ ತನ್ನ ಹೈಸ್ಕೂಲಿಗೆ ಮೊದಲ ಕಂಪ್ಯೂಟರ್ ತರಿಸಿದಾಗ, ಅದನ್ನು ಮುಟ್ಟಲು ಧೈರ್ಯವಿದ್ದವನು ಇವನೊಬ್ಬನೇ ಎಂದು ಹಂಗಾಮಿಯಾಗಿ ಕರೆದು ಕೂರಿಸಿದ್ದರು. ಜೂನಿಗೊಮ್ಮೆ ಆರ್ಡರ್ ಕೊಡುವುದು, ಮಾರ್ಚಿಗೊಮ್ಮೆ ಬಿಡಿಸುವುದು. ನಡುವಿನ ಏಪ್ರಿಲ್, ಮೇ ಎರಡು ತಿಂಗಳು ಕಲ್ಮೇಶ ಯಾರೂ ಅಲ್ಲ. ಏಳು ವರ್ಷ ಹೀಗೇ ನಡೆದಿತ್ತು. ಹೋದ ವರ್ಷ ಅವನ ಮಗಳು ಶಾಲೆಯ ಫಾರ್ಮಿನಲ್ಲಿ ‘ತಂದೆಯ ಉದ್ಯೋಗ’ ಎಂಬಲ್ಲಿ ‘ಹಂಗಾಮಿ’ ಎಂದು ದುಂಡಗೆ ಬರೆದು ಬಂದಿದ್ದಳು. ಮನೆಯಲ್ಲಿ ಎಲ್ಲರೂ ನಕ್ಕರು. ಕಲ್ಮೇಶನೂ ನಕ್ಕ, ಆಮೇಲೆ ಎರಡು ದಿನ ಅವನಿಗೆ ಅನ್ನ ಸೇರಲಿಲ್ಲ.

ಈಗ ಹೊಸ ಕಂಪ್ಯೂಟರ್ ಬಂದಿತ್ತು. ಹಳೆಯದನ್ನು ಸವದತ್ತಿಯ ಅಂಗಡಿಯವನು ಬದಲಿಗೆ ಒಯ್ದಿದ್ದ. ಒಯ್ಯುವ ಮುಂಚೆ ಕಲ್ಮೇಶ ಅದರಲ್ಲಿದ್ದುದನ್ನೆಲ್ಲ ಇಪ್ಪತ್ತೆರಡು ಫ್ಲಾಪಿಗಳಲ್ಲಿ ಇಳಿಸಿಟ್ಟುಕೊಂಡಿದ್ದ. ಶಾಲೆ ಶುರುವಾದಂದಿನಿಂದ ಕಲಿತು ಹೋದ ಮಕ್ಕಳ ದಾಖಲಾತಿ, ಸಂಸ್ಥೆಯ ಸಭೆಗಳು ಕೈಗೊಂಡ ಠರಾವುಗಳು, ಎಲ್ಲವೂ ಅದರಲ್ಲೇ. ಕಾಗದದ ರಜಿಸ್ಟರುಗಳು ಈಗ ಇಲ್ಲ. ಕಪಾಟಿನಲ್ಲಿ ಗೆದ್ದಲು ಹತ್ತಿ ಎರಡು ಮಳೆಗಾಲ ಕುಳಿತು ಊಟ ಮಾಡಿ ಹೋಗಿತ್ತು.

ಚೇರ್ಮನ್ ಭರಮಪ್ಪನವರು ಮಾತು ಕೊಟ್ಟಿದ್ದರು. "ಸೋಮವಾರ ಸಂಜಿ ನಾಕಕ್ಕ ಮೀಟಿಂಗ್ ಐತಿ. ಹಳೇ ದಾಖಲೆ ಎಲ್ಲಾ ಹೊಸ ಮಷೀನ್‌ದಾಗ ಕಾಣಬೇಕು. ಕಂಡ್ರ, ಅಲ್ಲೇ ನಿನ್ನ ಕಾಯಂ ಠರಾವು. ಕಾಣಲಿಲ್ಲಂದ್ರ ನಿನ್ನ ಮುಖಾನೂ ಕಾಣಬಾರದು ನಮಗ."

ಕಲ್ಮೇಶ ಹತ್ತೊಂಬತ್ತು ಫ್ಲಾಪಿ ಹಾಕಿ ತೆಗೆದ. ಎಲ್ಲ ಸರಾಗವಾಗಿ ಇಳಿದವು. ಇಪ್ಪತ್ತನೆಯದನ್ನು ಹಾಕಿದರೆ ಮಷೀನು ಕರಕರ ಎಂದು ಹಲ್ಲು ಕಡಿಯತೊಡಗಿತು. ಸದ್ದು ಕೇಳಿ ಆಫೀಸೆಲ್ಲ ಅವನ ಬೆನ್ನ ಹಿಂದೆ ನೆರೆಯಿತು.

"ಬಿಸಲಾಗ ಇಡು, ಹಪ್ಪಳ ಒಣಗಿಸಿದಂಗ" ಎಂದರು ಹೆಡ್ ಕ್ಲಾರ್ಕ್ ಗಂಗಯ್ಯನವರು. ಅವರು ಜೀವಮಾನದಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲ, ಅದಕ್ಕೇ ಸಲಹೆ ಕೊಡಲು ಯಾವ ಅಳುಕೂ ಇರಲಿಲ್ಲ.

"ಬಿಸಲ್ಯಾಕ್ರೀ, ಊದಿದ್ರ ಹೋಗತೈತಿ" ಎಂದು ಮಾಳಪ್ಪ ಬಗ್ಗಿ ಫೂ ಎಂದು ಊದಿದ. ಬಾಯಲ್ಲಿ ತಂಬಾಕಿತ್ತು. ಭಂಡಾರದ ಮೇಲೆ ತಂಬಾಕಿನ ಹನಿಯೂ ಬಿತ್ತು.

ಕಡೆಗೆ ಕಾಪಾಡಿದವರು ವಿಜ್ಞಾನ ಕಲಿಸುವ ನಾಗರತ್ನಾ ಮೇಡಂ. "ಸರೀರಿ ಎಲ್ಲಾರೂ. ಒಡದು ಬಿಲ್ಲಿ ಹೊರಗ ತಗಿ ಕಲ್ಮೇಶ, ನನ್ನ ಚಾಳೀಸಿನ ಅರಬಿ ಐತಿ, ಅದರಲೆ ಮೆಲ್ಲಕ ಒರಸು. ಆಮ್ಯಾಲೆ ಬ್ಯಾರೆ ಖಾಲಿ ಫ್ಲಾಪಿ ಒಡದು ಅದರ ಹೊಟ್ಟ್ಯಾಗ ಇಡು" ಎಂದರು. ಕಲ್ಮೇಶ ಅವರ ಕನ್ನಡಕದ ಬಟ್ಟೆಯಿಂದ, ಎಳೆಗೂಸಿನ ಮೈ ಒರೆಸಿದಂತೆ ಮೂರೂ ಬಿಲ್ಲೆ ಒರೆಸಿ, ಹೊಸ ಹೊಟ್ಟೆಯೊಳಗಿಟ್ಟು ಹಾಕಿದ. ಮೂರೂ ಇಳಿದವು. ಹನ್ನೊಂದು ಗಂಟೆಗೆ ಇಪ್ಪತ್ತೆರಡೂ ಫ್ಲಾಪಿ ಹೊಸ ಕಂಪ್ಯೂಟರಿನಲ್ಲಿದ್ದವು. ಮಾಳಪ್ಪ ಚಹಾ ತಂದ.

ಚಹಾ ಕುಡಿಯುತ್ತ ಕಲ್ಮೇಶ ಒಂದು ಫೈಲು ತೆರೆದ. ಪರದೆಯ ತುಂಬ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆ, ಪ್ರಶ್ನೆಚಿಹ್ನೆಗಳು ಸಂತೆಯಲ್ಲಿ ಮಂದಿ ನೆರೆದಂತೆ ನೆರೆದಿದ್ದವು. ಕನ್ನಡದ ಒಂದು ಅಕ್ಷರವೂ ಇರಲಿಲ್ಲ.

ಗಂಗಯ್ಯನವರು ಕನ್ನಡಕ ಏರಿಸಿ ನೋಡಿದರು. "ಇದು ಇಂಗ್ಲೀಷೂ ಅಲ್ಲ, ಹಳೇ ಮರಾಠಿ ಮೋಡಿ ಲಿಪಿನೂ ಅಲ್ಲ. ಏನ್ ತುಂಬಿಟ್ಟಿ ಇದರಾಗ?"

"ಸರ, ಒಳಗ ಎಲ್ಲಾ ಸರಿ ಐತಿ. ಕನ್ನಡದ ಸಾಫ್ಟ್‌ವೇರಿನ ಲಾಕ್ ಇಲ್ಲರೀ..." ಎಂದವನು ಬಗ್ಗಿ ಹೊಸ ಮಷೀನಿನ ಬೆನ್ನು ತಡಕಿದ.

ಆ ಕಾಲದಲ್ಲಿ ಕನ್ನಡ ಟೈಪು ಮಾಡುವ ಸಾಫ್ಟ್‌ವೇರಿಗೆ ಒಂದು ಲಾಕ್ ಇರುತ್ತಿತ್ತು. ಅರ್ಧ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ಕಿನ ತುಂಡು. ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದರೆ ಕನ್ನಡ ಮೂಡುತ್ತದೆ, ಕಿತ್ತರೆ ಕನ್ನಡ ಹೋಯಿತು. ಏಳು ವರ್ಷ ಹಳೆಯ ಕಂಪ್ಯೂಟರಿನ ಬೆನ್ನಿಗೆ ಕಚ್ಚಿಕೊಂಡಿದ್ದ ಆ ತುಂಡನ್ನು ಕಲ್ಮೇಶ ಮರೆತೇಬಿಟ್ಟಿದ್ದ. ಅದು ಮಷೀನಿನ ಸಂಗಡವೇ ಹೋಗಿತ್ತು.

ಸವದತ್ತಿಯ ಅಂಗಡಿಗೆ ಫೋನು ಹಚ್ಚಿದರೆ, "ಆ ಮಷೀನ್ ನಿನ್ನೆನ ಹೋತಲ್ರಿ. ಮುರಗೋಡದ ಲಗಮಪ್ಪ, ಕ್ಯಾಸೆಟ್ ಅಂಗಡಿ" ಎಂದರು. ಕಲ್ಮೇಶ ಚಹಾ ಅರ್ಧಕ್ಕೆ ಬಿಟ್ಟು ಬಸ್‌ಸ್ಟ್ಯಾಂಡಿಗೆ ಓಡಿದ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ಟಾಪಿನ ಮೇಲೆ ಕುರಿ ಏರಿಸುವ ಜಗಳ ಮುಗಿಯುವವರೆಗೆ ಕಾದು, ಮುರಗೋಡ ಮುಟ್ಟುವಾಗ ಒಂದು ಗಂಟೆ ದಾಟಿತ್ತು.

ಲಗಮಪ್ಪ ಒಳ್ಳೆಯ ಮನುಷ್ಯ. ಕ್ಯಾಸೆಟ್ಟಿನ ಚೀಟಿ ಇಂಗ್ಲಿಷಿನಲ್ಲಿ ಪ್ರಿಂಟು ಮಾಡಲು ಮಷೀನು ತಂದಿದ್ದ. ಬೆನ್ನಿಗೆ ಪ್ರಿಂಟರ್ ಸಿಕ್ಕಿಸಲು ಆ ತುಂಡು ಅಡ್ಡ ಬಂತೆಂದು ಕಿತ್ತಿದ್ದ.

"ಒಗದ್ರೇನ್ರಿ?" ಕಲ್ಮೇಶ ಕೇಳಿದ.

"ಒಗದಿಲ್ರಿ. ನಮ್ಮವ್ವ ಇಸಗೊಂಡ್ಳು. ಎಮ್ಮಿ ಕೊಳ್ಳಾಗ ಐತಿ, ಬರ್ರಿ."

ಹಿತ್ತಲಲ್ಲಿ ಎಮ್ಮೆ ನಿಂತಿತ್ತು. ಕೊರಳಲ್ಲಿ ಕರಿದಾರ, ದಾರದಲ್ಲಿ ಕನ್ನಡ. ಲಗಮಪ್ಪನ ತಾಯಿ ಕಾಡವ್ವ ಪಕ್ಕದಲ್ಲೇ ಕುಳಿತು ಹುಲ್ಲು ಹಿರಿಯುತ್ತಿದ್ದಳು.

"ಯವ್ವಾ, ಅದು ನಮ್ಮ ಸಾಲೀದು. ಕೊಡಬೇ."

"ಯಾಕ ಕೊಡ್ಲಿ? ನಿನ್ನೆ ಸಂಜಿಮುಂದ ಕಟ್ಟೇನಿ, ಮುಂಜಾನಿ ಒದೀಲಾರದ ಹಾಲ ಕೊಟ್ಟೈತಿ. ವರ್ಷಾತು ಇದರ ಒದಿಕಿ ತಿಂದು ನಾನು."

"ಅದು ಕಂಪ್ಯೂಟರಿನ ಸಾಮಾನಬೇ. ಎಮ್ಮಿಗೂ ಅದಕ್ಕೂ ಏನ್ ಸಂಬಂಧ?"

"ನನಗೇನ್ ಗೊತ್ತಪಾ. ಎಮ್ಮಿಗೆ ಗೊತ್ತು." ಕಾಡವ್ವ ತಲೆ ಎತ್ತಿ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ಬರಿಗೈಲೆ ಬಂದು ಕೊಡು ಅಂದ್ರ ಹೆಂಗ? ಬದಲಿ ಏನರ ಕಟ್ಟು, ಬಿಚ್ಚಿಕೊಂಡು ಹೋಗು."

ಕಲ್ಮೇಶ ಜೇಬು ತಡಕಿದ. ಪೆನ್ನು ಬೇಡವೆಂದಳು, ಬಾಚಣಿಗೆ ಬೇಡವೆಂದಳು. ಕಡೆಗೆ ಅವನು ಅಂಗಿ ಎತ್ತಿ, ಕಾಯಂ ಆಗಲೆಂದು ಹೆಂಡತಿ ಉಡದಾರಕ್ಕೆ ಕಟ್ಟಿದ್ದ ತಾಮ್ರದ ತಾಯತ ಬಿಚ್ಚಿದ. ಕಾಡವ್ವ ಅದನ್ನು ಬಿಸಿಲಿಗೆ ಹಿಡಿದು ನೋಡಿ, "ಇದು ಆಗಬಹುದು" ಎಂದಳು. ದಾರ ಬಿಚ್ಚಲು ಕಲ್ಮೇಶ ಬಗ್ಗಿದ. ಎಮ್ಮೆಗೆ ಒಂದು ವರ್ಷದ ಅಭ್ಯಾಸ, ಒಂದು ದಿನದ ಸೌಜನ್ಯದಿಂದ ಹೋಗುವಂಥದಲ್ಲ. ಒದ್ದಿತು. ಕಲ್ಮೇಶ ಸಗಣಿಯಲ್ಲಿ ಕುಳಿತ, ಮುಷ್ಟಿಯಲ್ಲಿ ಲಾಕ್ ಗಟ್ಟಿಯಾಗಿ ಹಿಡಿದಿದ್ದ.

"ನೋಡಿದೇನಪಾ?" ಎಂದಳು ಕಾಡವ್ವ. "ನಾ ಹೇಳಿದ್ದು ಸುಳ್ಳೇನು?"

ವಾಪಸು ಬಸ್ಸಿನಲ್ಲಿ ಅವನ ಪಕ್ಕದ ಸೀಟು ಮನೋಳಿಯವರೆಗೂ ಖಾಲಿ ಇತ್ತು. ನಿಂತವರು ನಿಂತೇ ಬಂದರು. ಮೊಣಕಾಲು ಬಾತಿತ್ತು, ಹೊಟ್ಟೆ ಹಸಿದಿತ್ತು, ಆದರೆ ಏಳು ವರ್ಷದಲ್ಲಿ ಮೊದಲ ಬಾರಿಗೆ ಕಲ್ಮೇಶನಿಗೆ ಜೀವ ಹಗುರೆನಿಸಿತು. ಸಂಜೆ ಮಗಳಿಗೆ ಹೇಳುವ ಮಾತನ್ನು ಬಸ್ಸಿನಲ್ಲೇ ನಾಲ್ಕು ಸಲ ಮನಸ್ಸಿನಲ್ಲಿ ಹೇಳಿಕೊಂಡ.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಆಫೀಸಿಗೆ ಬಂದ. ಭರಮಪ್ಪನವರು ಮೂಗಿಗೆ ಟವೆಲ್ ಹಿಡಿದು ಕುಳಿತಿದ್ದರು. ಕಲ್ಮೇಶ ಲಾಕ್ ಸಿಕ್ಕಿಸಿ, ಸಾಫ್ಟ್‌ವೇರ್ ಹಾಕಿ, ಫೈಲು ತೆರೆದ. ಕೊಕ್ಕೆ ಚುಕ್ಕೆಗಳೆಲ್ಲ ಒಮ್ಮೆಲೇ ಸರಿದು ಕನ್ನಡ ಮುತ್ತು ಪೋಣಿಸಿದಂತೆ ಮೂಡಿತು. ನಾಗರತ್ನಾ ಮೇಡಂ ಚಪ್ಪಾಳೆ ತಟ್ಟಿದರು. ಮಾಳಪ್ಪ ಗೋಡೆಗೊರಗಿ ಕಣ್ಣೊರೆಸಿಕೊಂಡ.

"ಶಾಭಾಸ್!" ಎಂದರು ಭರಮಪ್ಪನವರು. "ಗಂಗಯ್ಯಾ, ಬರೀರಿ ಠರಾವು. ಹುಡುಗ ಕಾಯಂ."

ಆದರೆ ಗಂಗಯ್ಯನವರು ಮೂವತ್ತು ವರ್ಷದ ನೌಕರಿಯಲ್ಲಿ ಒಂದೇ ಒಂದು ಹೊಸ ಠರಾವು ಬರೆದವರಲ್ಲ. ಹಿಂದಿನದೊಂದನ್ನು ಮುಂದಿಟ್ಟುಕೊಂಡು ಹೆಸರು, ತಾರೀಖು ಬದಲಿಸುವುದೇ ಅವರ ಪದ್ಧತಿ. "ಹಿಂದ ಕಾಯಂ ಮಾಡಿದ್ದು ಯಾವದರ ನಮೂನಿ ತಗಿ ಕಲ್ಮೇಶ. ಮಾಳಪ್ಪಂದು ಐತೆಲ್ಲ, ತೊಂಬತ್ತೇಳರದ್ದು" ಎಂದರು.

ಕಲ್ಮೇಶ ಉತ್ಸಾಹದಿಂದ ಹುಡುಕಿದ, ತೆರೆದ, ಗಟ್ಟಿಯಾಗಿ ತಾನೇ ಓದಿದ. "...ಸದರಿ ಮಾಳಪ್ಪ ಇವರನ್ನು ಕಾಯಂ ಮಾಡಲು ಸಭೆ ಒಪ್ಪಿತು. ಮುಂದೆಯೂ ಸಂಸ್ಥೆಯ ಯಾವ ನೌಕರನನ್ನೇ ಕಾಯಂ ಮಾಡುವಾಗ, ಠರಾವಿನ ದಿನ ಅವನಿಗೆ ಮೂವತ್ತೈದು ವರ್ಷ ತುಂಬಿರಬಾರದು..." ಅವನ ದನಿ ತಾನಾಗಿ ಸಣ್ಣದಾಯಿತು. ಆರು ವರ್ಷದ ಹಿಂದೆ ಇದನ್ನು ಟೈಪು ಮಾಡಿದವನೂ ಅವನೇ. ಆಗ ಅವನಿಗೆ ಇಪ್ಪತ್ತೊಂಬತ್ತು. ಮೂವತ್ತೈದು ಎಂಬುದು ಯಾರದೋ ಬೇರೆಯವರ ವಯಸ್ಸಾಗಿತ್ತು.

"ಅರೇ, ಹಿಂಗೊಂದು ನಿಯಮ ಇತ್ತಲ್ಲ! ನಾವೆಲ್ಲಾ ಮರತ ಬಿಟ್ಟಿದ್ವಿ" ಎಂದರು ಗಂಗಯ್ಯನವರು, ಕಳೆದ ಉಂಗುರ ಸಿಕ್ಕಿದ ಸಂತೋಷದಲ್ಲಿ. "ನೀನೂ ಇದ ಸಾಲ್ಯಾಗ ಕಲತಾಂವ ಅಲ್ಲ? ನಿನ್ನ ದಾಖಲಾತಿ ತಗಿ ನೋಡೂಣು."

ತೆಗೆಯದೆ ಗತಿಯಿರಲಿಲ್ಲ. ಮೀಟಿಂಗಿಗೆ ನೆರೆದಿದ್ದ ಎಂಟೂ ಮಂದಿ ಪರದೆಯತ್ತ ಬಗ್ಗಿದರು. ಜನ್ಮ ದಿನಾಂಕ: 1-6-1968.

ಗಂಗಯ್ಯನವರು ಬೆರಳು ಮಡಚಿ ಎಣಿಸಿದರು. "ಇವತ್ತ ಜೂನ್ ಎರಡು. ನಿನ್ನೆಗೆ ಮೂವತ್ತೈದು ತುಂಬಿತಲ್ಲೋ."

"ಸರ, ಅದು ಖರೆ ತಾರೀಖ ಅಲ್ಲರೀ!" ಕಲ್ಮೇಶ ಎದ್ದು ನಿಂತ. "ಸಾಲಿಗಿ ಹೆಸರ ಹಚ್ಚೂಮುಂದ ಮಾಸ್ತರು ಎಲ್ಲಾರಿಗೂ ಒಂದನೇ ಜೂನ್ ಬರಿತಿದ್ರು, ನಿಮಗ ಗೊತ್ತಿಲ್ಲೇನ್ರಿ? ನಮ್ಮವ್ವ ಸೋಮವ್ವನ್ನ ಕೇಳ್ರಿ. ನಾ ದೀಪಾವಳಿ ಪಾಡ್ಯಾದ ದಿನ ಹುಟ್ಟೇನಿ. ಇನ್ನೂ ಐದು ತಿಂಗಳ ಐತ್ರಿ."

"ನಾನೂ ಒಂದನೇ ಜೂನ್" ಎಂದರು ಭರಮಪ್ಪನವರು. "ಗಂಗಯ್ಯನೂ ಒಂದನೇ ಜೂನ್. ಮೇಡಂ, ನಿಮ್ಮದು?"

"ಒಂದನೇ ಜೂನ್ ರೀ" ಎಂದರು ನಾಗರತ್ನಾ ಮೇಡಂ, ನೆಲ ನೋಡುತ್ತ.

"ಹಂಗಂತ ನಾವೆಲ್ಲಾ ಖೊಟ್ಟಿ ಏನು? ದಾಖಲೆ ಅಂದ್ರ ದಾಖಲೆ ತಮ್ಮಾ. ನೀನ ಟೈಪ್ ಮಾಡೀದಿ, ನೀನ ಉಳಿಸಿಕೊಂಡು ಬಂದೀದಿ. ಈಗ ನೀನ ಸುಳ್ಳು ಅಂದ್ರ ಹೆಂಗ?"

ಕಲ್ಮೇಶ ಮಾಳಪ್ಪನತ್ತ ನೋಡಿದ. ತೊಂಬತ್ತೇಳರಲ್ಲೇ ಮೀಸೆ ಪೂರಾ ನೆರೆತಿದ್ದ, ಮೊಮ್ಮಗನನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಮಾಳಪ್ಪ, ಠರಾವಿನಲ್ಲಿ ಮೂವತ್ಮೂರು ವರ್ಷದವನು. ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲವಾದ್ದರಿಂದ ಅವನ ವಯಸ್ಸು ಎಲ್ಲೂ ಬರೆದಿರಲಿಲ್ಲ. ಚೇರ್ಮನ್ನರು ಹೇಳಿದ್ದೇ ವಯಸ್ಸು. ಕಲ್ಮೇಶ ಕಲಿತ ತಪ್ಪಿಗೆ ಸಿಕ್ಕಿಬಿದ್ದಿದ್ದ.

"ಬೇಜಾರಾಗಬ್ಯಾಡ" ಎಂದರು ಭರಮಪ್ಪನವರು. "ಹಂಗಾಮಿ ಅಂತ ಇದ್ದಂಗ ಇರು. ನಿನ್ನ ಯಾರು ಬಿಡಸ್ತಾರ? ಮಾರ್ಚ್‌ದಾಗ ಬಿಟ್ರ ಜೂನ್‌ದಾಗ ಮತ್ತ ತಗೋತೇವಿ. ಕುಂದ್ರು, ಠರಾವು ಟೈಪ್ ಮಾಡು. ನಿನ್ನ ಬಿಟ್ರ ಇಲ್ಲಿ ಯಾರಿಗೆ ಬರತೈತಿ?"

ಕಲ್ಮೇಶ ಕುಳಿತ. ಗಂಗಯ್ಯನವರು ಹೇಳುತ್ತ ಹೋದರು, ಅವನು ಬಡಿಯುತ್ತ ಹೋದ. ‘ಸದರಿ ಕಲ್ಮೇಶ ಇವರ ವಯೋಮಿತಿ ಒಂದು ದಿನ ಮೀರಿದ್ದರಿಂದ ಇನ್ನು ಮುಂದೆ ಇವರನ್ನು ಕಾಯಂ ಮಾಡಲು ಬರುವುದಿಲ್ಲ. ಸಂಸ್ಥೆಯ ದಾಖಲೆ ಉಳಿಸಿದ್ದಕ್ಕಾಗಿ ಸಭೆ ಇವರನ್ನು ಅಭಿನಂದಿಸುತ್ತದೆ.’ ಉಳಿದವರು ಅವಲಕ್ಕಿ ಚೂಡಾದ ತಟ್ಟೆಗೆ ಕೈ ಹಾಕಿದರು.

ಏಳುವ ಮುಂಚೆ ಭರಮಪ್ಪನವರು ಅವನ ಬೆನ್ನು ತಟ್ಟಿದರು. "ಇದರದೂ ಬ್ಯಾಕಪ್ ತಗದಿಡು. ಎರಡ ಕಾಪಿ. ಮತ್ತ ಕಳೀಬಾರದು."

ಕಲ್ಮೇಶ ಹೊಸ ಫ್ಲಾಪಿ ಎರಡನ್ನು ತೆಗೆದು, ಒಂದಾದ ಮೇಲೊಂದು ಹಾಕಿ, ಠರಾವನ್ನು ಇಳಿಸಿದ. ಆಮೇಲೆ, ರೂಢಿಯಂತೆ, ಎರಡನ್ನೂ ತೆರೆದು ಪರೀಕ್ಷಿಸಿದ. ಒಂದಕ್ಷರವೂ ಹಾಳಾಗಿರಲಿಲ್ಲ.