ಬಾವಿಕಟ್ಟೆಯ ಮೇಲಿನ ಇರಾನ್

ಇರಾನಿನ ದೊರೆ ಸಿಂಹಾಸನ ಬಿಟ್ಟು ಓಡುತ್ತಾನೆಂಬುದು ಆ ದೊರೆಗಿಂತ ಮೊದಲು ಗೊತ್ತಾದದ್ದು ತಡಸದ ನಮ್ಮ ಸೋದರಮಾವನಿಗೆ! ಹಾಗೆಂದು ಮಾಮಾ ಅವರೇ ಹೇಳುತ್ತಿದ್ದರು. ನಂಬದವರಿಗೆ ಅವರ ಮನೆಯಲ್ಲಿ ಚಹಾ ಸಿಗುತ್ತಿರಲಿಲ್ಲ.

"ನೆಲದಾಗ ಎಣ್ಣಿ ಇದ್ದಲ್ಲಿ ಹೊರಗಿನವರ ಕೈ ಇರ್ತೈತಿ. ಹೊರಗಿನವರ ಕೈ ಇದ್ದಲ್ಲಿ ಕುರ್ಚಿ ಅಳ್ಳಾಡ್ತೈತಿ." ಇದು ಅವರ ಸಿದ್ಧಾಂತ. ಶಿಗ್ಗಾಂವದಲ್ಲಿ ಒಮ್ಮೆ ಎಷ್ಟು ಕಾದರೂ ಬಸ್ಸು ಬರಲಿಲ್ಲ. ಮಾಮಾ ಕೊಡೆಯ ತುದಿಯಿಂದ ನೆಲದ ಮೇಲೆ ಅರಬಸ್ತಾನದ ನಕಾಶೆ ಬರೆದು, ಕಂಟ್ರೋಲರನಿಗೆ ಕಾರಣ ವಿವರಿಸತೊಡಗಿದರು.

"ಯಜಮಾನ್ರ, ಬಸ್ಸು ಪಂಕ್ಚರ್ ಆಗೈತ್ರಿ. ಮೊಳಿ ನಟ್ಟೈತಿ," ಎಂದ ಅವನು.

"ಮೊಳಿ ಒಗದವರು ಯಾರು? ಅದನ್ನ ಹೇಳಪಾ ಮದಲ!"

ನಾನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟು ಸವಣೂರಿನ ಎಲೆತೋಟಕ್ಕೆ ಇಳಿದವನು. ನನ್ನ ವೀಳ್ಯದ ಬಳ್ಳಿಗೂ ಇರಾನಿಗೂ ಏನು ಸಂಬಂಧ ಎಂದು ನಗುತ್ತಿದ್ದೆ. ಆ ನಗು ಒಂದು ಬೇಸಿಗೆಯಲ್ಲಿ ನಿಂತುಹೋಯಿತು.

ನನ್ನದೂ ತಮ್ಮನದೂ ಅಕ್ಕಪಕ್ಕದ ತೋಟ, ನಡುವೆ ಒಂದೇ ಬಾವಿ. ನನ್ನದೊಂದು ಎತ್ತು, ಅವನದೊಂದು ಎತ್ತು ಜೋಡಿ ಹೂಡಿ, ಕಪಿಲೆಯಿಂದ ನೀರೆತ್ತಿ, ದಿನ ಬಿಟ್ಟು ದಿನ ಪಾಳಿ ಹಚ್ಚಿಕೊಂಡಿದ್ದೆವು. ಆಗ ಬಂದ ನೋಡಿ, ಪರವೂರಿನ ಒಬ್ಬ ಎಲೆ ವ್ಯಾಪಾರಿ! ತಮ್ಮನಿಗೆ ಡೀಸೆಲ್ ಇಂಜಿನ್ ಕೊಟ್ಟ. ಎಲೆಯೆಲ್ಲ ತನಗೇ ಕೊಡಬೇಕು, ಅಷ್ಟೇ ಕರಾರು. ಎಲೆತೋಟದೊಳಗೆ ನಾವು ಯಾರೂ ಚಪ್ಪಲಿ ಮೆಟ್ಟುವುದಿಲ್ಲ. ಆ ಪುಣ್ಯಾತ್ಮ ಬೂಟುಗಾಲಲ್ಲೇ ಬಳ್ಳಿಗಳ ನಡುವೆ ಅಡ್ಡಾಡಿದ. ತಮ್ಮ ಕಂಡೂ ತಡೆಯಲಿಲ್ಲ. ಮರುವಾರವೇ ತನ್ನ ಎತ್ತು ಮಾರಿಬಿಟ್ಟ. ನನ್ನ ಎತ್ತು ಒಂಟಿಯಾಯಿತು, ನನ್ನ ಪಾಳಿ ತಪ್ಪಿತು.

"ನೀನೂ ಒಬ್ಬ ಸಾವಕಾರನ್ನ ಹುಡುಕ್ಕೋ ಅಣ್ಣಾ," ಎಂದ. ಅವತ್ತಿನಿಂದ ಮಾತು ಬಿಟ್ಟೆವು. ನಾನು ಕೊಡದಿಂದ ನೀರು ಹೊತ್ತೆ. ಹೆಗಲು ಸುಲಿಯಿತು, ಅವನ ಮುಂದೆ ಕೈ ಮಾತ್ರ ಚಾಚಲಿಲ್ಲ.

ಸುದ್ದಿ ತಿಳಿದು ಮಾಮಾ ಬಂದು ಬಾವಿಕಟ್ಟೆಯ ಮೇಲೆ ಕುಳಿತರು. "ಇರಾನ್ ಎಲ್ಲೈತಿ ಅಂತಿದ್ದೆಲ್ಲೋ? ನಾ ಅದರ ಮ್ಯಾಲೇ ಕುಂತೇನಿ ನೋಡು!" ತಮ್ಮನತ್ತ ತಿರುಗಿ, "ಇಂಜಿನ್ ಅವಂದು, ಎಲಿ ಅವಂಗ. ಬಾವಿ ಯಾವಾಗ ಕೊಡ್ತೀಪಾ?" ಎಂದರು.

"ನಿಮ್ಮ ರಾಜಕಾರಣ ಇಲ್ಲಿ ಬ್ಯಾಡ್ರಿ ಮಾಮಾ!"

ಮಾಮಾ ಎದ್ದು ಹೋದರು. ಇರಾನಿನ ದೊರೆ ಓಡಿಹೋದ ವರ್ಷವದು; ಸ್ವಲ್ಪ ದಿನಕ್ಕೇ ಎಲ್ಲೂ ಡೀಸೆಲ್ ಸಿಗದಂತಾಯಿತು. ಇಂಜಿನ್ ಮೂಕವಾಯಿತು. ವ್ಯಾಪಾರಿ ಬೇರೆ ಊರಿನ ತೋಟ ಹಿಡಿದ. ತಮ್ಮನ ಬಳ್ಳಿ ಹಳದಿಗಟ್ಟಿದವು. ಇನ್ನೊಂದು ವಾರ ಹೀಗೇ ಹೋದರೆ ತೋಟವೇ ಇಲ್ಲ. ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಒಂದು ಮುಂಜಾನೆ ಮಾಮಾ ತಮ್ಮ ಮನೆಯದೇ ಒಂದು ಎತ್ತು ಹಿಡಿದುಕೊಂಡು ಬಂದು ನಿಂತರು. ತಡಸದಿಂದ ಎರಡು ದಿನ ನಡೆದೇ ಬಂದಿದ್ದರು! ಅದನ್ನು ನನ್ನ ಎತ್ತಿನ ಜೋಡಿ ಹೂಡಿದರು.

ತಮ್ಮ ತಲೆ ತಗ್ಗಿಸಿಯೇ ಕೇಳಿದ, "ಇದೂ ಹೊರಗಿನ ಸಹಾಯ ಅಲ್ಲೇನ್ರಿ ಮಾಮಾ?"

"ಹೌದಲೇ. ಆದ್ರ ಇದಕ್ಕ ಹೊಟ್ಟು ಹಾಕಿದ್ರ ಸಾಕು, ಬಾವಿ ಕೇಳೂದಿಲ್ಲ."

ನೀರು ಮೇಲೆ ಬಂತು. ನಾನು ಸಲಿಕೆ ಹಿಡಿದು ತಮ್ಮನ ತೋಟದ ಕಡೆಗೆ ಕಾಲುವೆ ತಿರುಗಿಸಿದೆ. ಅವನು ಬಳ್ಳಿಯ ಕಡೆ ಹೋಗಲಿಲ್ಲ. ಮೊದಲ ಬೊಗಸೆ ನೀರು ತುಂಬಿಕೊಂಡು ಬಂದು, ಮಾಮಾ ಬ್ಯಾಡೋ ಬ್ಯಾಡೋ ಎನ್ನುತ್ತಿದ್ದಂತೆಯೇ, ಅವರ ಊದಿದ ಪಾದಗಳ ಮೇಲೆ ಮೆಲ್ಲಗೆ ಸುರಿದ.