ಹತ್ತಿ ನೋಡಿದಂತೆ ಮಾನಿಟರ್ ನೋಡಿದ್ದು

“ಒಳಗ ಬಾಯಿ ಮುಚ್ಕೊಂಡು ನಿಂದರ್ತಿ ಅಂದ್ರ ಮೆಟ್ಟಲಾ ಹತ್ತತೇನಿ. ಇಲ್ಲಾಂದ್ರ ಇಲ್ಲಿಂದನ ಮನಿಗೆ ಹೋಗೂಣು,” ಎಂದರು ಅಪ್ಪಾಜಿ.

“ನಿಂದರ್ತೇನ್ರಿ.”

“ಮಾರಿ ಗಂಟ ಹಾಕ್ಕೊ.”

ಹಾಕಿಕೊಂಡೆ.

“ಇದು ಗಂಟಲ್ಲ. ನಗಾಕತ್ತಿದಿ ನೀ.”

ನಾನು ನಗುತ್ತಲೇ ಇದ್ದೆ, ಏನು ಮಾಡಲಿ? ಕೊಪ್ಪಿಕರ್ ರಸ್ತೆಯ ಅಸ್ಫಾಕಣ್ಣನ ಕಂಪ್ಯೂಟರ್ ಅಂಗಡಿಯ ಗಾಜಿನಾಚೆ ಆ ಮಾನಿಟರ್ ನನ್ನನ್ನೇ ನೋಡುತ್ತಿತ್ತು. ಮೂವತ್ತೆರಡು ಇಂಚು. ಅದರ ಮುಂದೆ ನಿಂತು ಮುಖ ಸಿಂಡರಿಸುವುದೆಂದರೆ ಹೋಳಿಗೆಯ ಮುಂದೆ ಕೂತು ಹಸಿವಿಲ್ಲ ಎಂದಂತೆ.

ಮೊದಲು ನನ್ನ ಕಷ್ಟ ಕೇಳಿ. ನಾನು ಆರ್ಕಿಟೆಕ್ಚರ್ ಕೊನೆಯ ವರ್ಷದಲ್ಲಿದ್ದೇನೆ. ಐದು ವಾರಕ್ಕೆ ಜ್ಯೂರಿ, ಅಂದರೆ ಪರೀಕ್ಷಕರು ಸಾಲಾಗಿ ಕೂತು ನಮ್ಮ ನಕ್ಷೆಗಳನ್ನು ನೋಡಿ ನಮ್ಮ ಜನ್ಮ ಜಾಲಾಡುವ ದಿನ. ನನ್ನ ಬಳಿ ಇರುವುದು ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್. ಅದರಲ್ಲಿ ಕಟ್ಟಡದ ಬಾಗಿಲು ನೋಡಿದರೆ ಕಿಟಕಿ ಕಾಣುವುದಿಲ್ಲ, ಕಿಟಕಿ ನೋಡಿದರೆ ಕಟ್ಟಡವೇ ಕಾಣುವುದಿಲ್ಲ. ಕಳೆದ ಸೆಮಿಸ್ಟರಿನಲ್ಲಿ ಹೀಗೆಯೇ ತುಂಡು ತುಂಡಾಗಿ ನೋಡುತ್ತಾ ಒಂದು ಭವ್ಯವಾದ ಮೆಟ್ಟಿಲು ಬಿಡಿಸಿದೆ. ಅದು ನೇರವಾಗಿ ಮೇಲೇರಿ ಶೌಚಾಲಯದ ಗೋಡೆಗೆ ಮುಟ್ಟಿ ನಿಂತಿತ್ತು. “ಇದನ್ನ ಹತ್ತಿದವರು ಎಲ್ಲಿಗೆ ಹೋಗ್ತಾರೆ?” ಎಂದು ಪರೀಕ್ಷಕರು ಕೇಳಿದರು. “ವಾಪಸ್ ಇಳೀತಾರೆ ಸರ್,” ಎಂದೆ. ಬಂದ ಅಂಕಗಳನ್ನು ಇಲ್ಲಿ ಬರೆಯುವುದಿಲ್ಲ. ಈ ಸಲವೂ ಹಾಗಾದರೆ ಇಡೀ ವರ್ಷ ಮತ್ತೆ ಕೂರಬೇಕು.

ಆದ್ದರಿಂದ ಮಾನಿಟರ್. ಅದರ ಬೆಲೆ ಐವತ್ತೆಂಟು ಸಾವಿರ. ತೊಂದರೆಯೆಂದರೆ ಅದರ ಪಕ್ಕದಲ್ಲೇ ಅಷ್ಟೇ ಅಗಲದ ಇನ್ನೊಂದು ಹತ್ತೊಂಬತ್ತು ಸಾವಿರಕ್ಕೆ ಕೂತಿತ್ತು.

“ಅಗಲ ಅಷ್ಟ, ಉದ್ದ ಅಷ್ಟ. ಉಳದ ರೊಕ್ಕ ಯಾತಕ್ಕ?” ಎಂಬುದು ಅಪ್ಪಾಜಿಯ ಪ್ರಶ್ನೆ. ಮೂರು ವಾರದಿಂದ ಅದೊಂದೇ ಪ್ರಶ್ನೆ.

“ಅಪ್ಪಾಜಿ, ಇದರಾಗ ಎಂಬತ್ತು ಲಕ್ಷ ಪಿಕ್ಸೆಲ್ ಅದಾವ್ರಿ.”

“ಎಣಿಸಿದೇನ?”

ಇಂಥವರ ಜೊತೆ ಏನು ವಾದ ಮಾಡುತ್ತೀರಿ?

ನಮ್ಮ ಅಪ್ಪಾಜಿ ಶಂಭುಲಿಂಗಪ್ಪನವರು ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷದಿಂದ ಹತ್ತಿ ವ್ಯಾಪಾರ ಮಾಡುತ್ತಿರುವವರು. ಹತ್ತಿ ಕೊಂಡಂತೆಯೇ ಜಗತ್ತಿನ ಎಲ್ಲವನ್ನೂ ಕೊಳ್ಳಬೇಕೆಂಬುದು ಅವರ ಸಿದ್ಧಾಂತ. ಮೊದಲನೆಯದಾಗಿ, ಯಾವ ಮಾಲನ್ನೂ ಮೂರು ಸಲ ನೋಡದೆ ಕೊಳ್ಳಬಾರದು, ಅದೂ ಮೂರು ಬೇರೆ ಬೇರೆ ವಾರ. (ನಮ್ಮ ಮನೆಯ ಫ್ರಿಜ್ಜನ್ನು ನೋಡಲು ಶುರು ಮಾಡಿದ್ದು ಬೇಸಿಗೆಯಲ್ಲಿ. ಬಂದಾಗ ಮಳೆ ಹಿಡಿದಿತ್ತು. ಅವ್ವ ಆ ವರ್ಷವೆಲ್ಲ ಅದರಲ್ಲಿ ಅರಿವೆ ತೊಳೆಯುವ ಸೋಪು ಇಟ್ಟಿದ್ದಳು, ಸಿಟ್ಟಿಗೆ.) ಎರಡನೆಯದಾಗಿ, ಮಾರುವವನ ಎದುರು ಮಾಲನ್ನು ಹೊಗಳುವುದು ಮಹಾಪಾಪ.

ಮೊದಲ ಗುರುವಾರ ನಾನು ಆ ಪಾಪವನ್ನು ಬಾಗಿಲಲ್ಲೇ ಮಾಡಿದೆ. “ಅಸ್ಫಾಕಣ್ಣಾ, ಇದು ಎಷ್ಟ ಚಂದ ಐತ್ರಿ,” ಎಂದು ಓಡಿ ಹೋಗಿ ಮಾನಿಟರನ್ನು ತಬ್ಬಿಕೊಂಡೆ. (ಪೂರ್ತಿಯಾಗಿ ಅಲ್ಲ, ಬದಿಯಿಂದ.) ಆಗಷ್ಟೇ ಅಸ್ಫಾಕಣ್ಣ “ಕಾಕಾ, ನಿಮಗಂತ ಒಂದೀಟು ಕಡಿಮಿ ಮಾಡಿ...” ಎಂದು ಬಾಯಿ ತೆರೆದಿದ್ದರು. ನನ್ನನ್ನು ನೋಡಿ ಆ ವಾಕ್ಯವನ್ನು ಹಾಗೆಯೇ ನುಂಗಿದರು. ಆ ದಿನ ಸ್ಕೂಟರಿನಲ್ಲಿ ಉಣಕಲ್ ಕೆರೆ ದಾಟುವವರೆಗೂ ಅಪ್ಪಾಜಿ ಎದುರಿಗೆ ಬಂದ ಎಮ್ಮೆ, ಬಸ್ಸು ಎಲ್ಲಕ್ಕೂ ಹಾರ್ನ್ ಬಾರಿಸುತ್ತಲೇ ಇದ್ದರು.

ಎರಡನೆಯ ಗುರುವಾರ ಅವರು ಮಾನಿಟರಿನ ಮುಂಭಾಗ ನೋಡಲೇ ಇಲ್ಲ. ಹಿಂದೆ ಹೋಗಿ ಬೆನ್ನು ಬಡಿದು ನೋಡಿದರು. ಆಮೇಲೆ ಗೋಡೆಗೆ ಒಟ್ಟಿದ್ದ ಡಬ್ಬಗಳನ್ನು ತೋರಿಸಿ, “ಎಲ್ಲಾಕ್ಕಿಂತ ಕೆಳಗಿಂದು ತಗಿ,” ಎಂದರು.

“ಕಾಕಾ, ಎಲ್ಲಾವೂ ಒಂದ ಫ್ಯಾಕ್ಟರಿಯಾಗಿಂದ ಬಂದಾವ್ರಿ,” ಎಂದರು ಅಸ್ಫಾಕಣ್ಣ.

“ಹತ್ತಿನೂ ಒಂದ ಹೊಲದಾಗಿಂದ ಬರ್ತೈತಿ. ಅಂಡಗಿ ಮ್ಯಾಲಿಂದು ನೋಡಿ ಕೊಂಡಾಂವ ಉದ್ಧಾರ ಆಗಿಲ್ಲ.” (ಅಂಡಗಿ ಎಂದರೆ ಹತ್ತಿ ತುಂಬಿದ ದೊಡ್ಡ ಚೀಲ.)

ಅಸ್ಫಾಕಣ್ಣ ಆರು ಡಬ್ಬ ಇಳಿಸಿ ಏಳನೆಯದನ್ನು ತೆಗೆದು ತೋರಿಸಿದರು. ಅಪ್ಪಾಜಿ ಅದನ್ನು ನೋಡಿ, “ಮುಂದಿನ ವಾರ ಬರ್ತೇವಿ,” ಎಂದು ಹೊರಟುಬಿಟ್ಟರು. ಅಸ್ಫಾಕಣ್ಣನ ತಾಳ್ಮೆಗೆ ಕಾರಣವಿದೆ. ಅವರ ತಂದೆ ಹತ್ತಿ ಮಾರುಕಟ್ಟೆಯಲ್ಲೇ ದಲ್ಲಾಳಿಯಾಗಿದ್ದರಂತೆ. ಈ ಜಾತಿಯ ಗಿರಾಕಿ ಅವರಿಗೆ ಹೊಸದಲ್ಲ.

ಹೀಗೆ ಮೂರನೆಯ ಗುರುವಾರ, ಬೆಳಗಿನ ಹನ್ನೊಂದು ಗಂಟೆ, ಗಂಟು ಮುಖ ಹೊತ್ತು ನಾನು ಮೆಟ್ಟಿಲು ಹತ್ತಿದೆ. ಅಪ್ಪಾಜಿ ಎರಡೂ ಮಾನಿಟರುಗಳ ಮುಂದೆ ನಿಂತು ಮೇಲೆ ಉರಿಯುತ್ತಿದ್ದ ಟ್ಯೂಬ್‌ಲೈಟುಗಳನ್ನು ನೋಡಿದರು.

“ಇವನ್ನ ಹೊರಗ ಇಡು,” ಎಂದರು.

“ಎಲ್ಲಿ ಹೊರಗ ಕಾಕಾ?”

“ರಸ್ತಾಕ್ಕ. ಲೈಟಿನ ಬೆಳಕಿನ್ಯಾಗ ಯಾವಾಂವ ಮಾಲು ನೋಡ್ತಾನ? ಲೈಟಿನ್ಯಾಗ ಎಲ್ಲಾ ಹತ್ತಿ ಬೆಳ್ಳಗ ಕಾಣ್ತೈತಿ.”

“ಕಾಕಾ, ಇದು ಹತ್ತಿ ಅಲ್ರಿ.”

“ಹತ್ತಿ ಅಲ್ಲ ಅಂತ ಗೊತ್ತೈತಿ. ಹತ್ತಿ ಆಗಿದ್ರ ಇಷ್ಟೊತ್ತಿಗೆ ನಿನ್ನ ರೇಟು ಕೇಳಿ ನಕ್ಕು ಹೋಗಿರ್ತಿದ್ದೆ.”

ಭೂಮಿ ಬಾಯ್ಬಿಡಬಾರದೇ ಎನಿಸಿತು. ಆದರೆ ಬಾಯಿ ಮುಚ್ಚಿಕೊಂಡಿರುತ್ತೇನೆಂದು ಮಾತು ಕೊಟ್ಟಿದ್ದೆನಲ್ಲ, ಮಾತು ಉಳಿಸಿಕೊಂಡೆ. ಹತ್ತು ನಿಮಿಷದಲ್ಲಿ ಅಂಗಡಿಯ ಮುಂದೆ, ತಗಡಿನ ನೆರಳಿನಲ್ಲಿ, ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಎರಡು ಮಾನಿಟರುಗಳು ಸಂಬಂಧ ನೋಡಲು ಬಂದವರಂತೆ ರಸ್ತೆಗೆ ಮುಖ ಮಾಡಿ ಕೂತವು. ಒಳಗಿನಿಂದ ವೈರು ಎಳೆದದ್ದಾಯಿತು. ನನ್ನ ಪೆನ್‌ಡ್ರೈವಿನಿಂದ ಜ್ಯೂರಿಯ ನಕ್ಷೆಯನ್ನು, ನಮ್ಮ ಬೈರಿದೇವರಕೊಪ್ಪಕ್ಕೆಂದು ನಾನು ಕಲ್ಪಿಸಿದ ಒಂದು ಗ್ರಂಥಾಲಯವನ್ನು, ಎರಡರಲ್ಲೂ ಹಾಕಿದ್ದಾಯಿತು.

ಹುಬ್ಬಳ್ಳಿಯಲ್ಲಿ ರಸ್ತೆಗೆ ಮುಖ ಮಾಡಿ ಒಂದು ಪರದೆ ಇಟ್ಟರೆ ಏನಾಗುತ್ತದೋ ಅದೇ ಆಯಿತು. ಆಟೋದವನೊಬ್ಬ ನಿಲ್ಲಿಸಿ, “ಯಾರ ಬ್ಯಾಟಿಂಗ್ರಿ?” ಎಂದ. ಗ್ರಂಥಾಲಯ ಎಂದೆ. ಅವನು ಸ್ವಲ್ಪ ಹೊತ್ತು ಗ್ರಂಥಾಲಯವನ್ನೇ ನೋಡಿ, ಯಾರೂ ಔಟಾಗುವ ಲಕ್ಷಣ ಕಾಣದೆ ಹೊರಟುಹೋದ. ಎದುರು ಬದಿಯಲ್ಲಿ ಹೂ ಮಾರುವ ಗೋದಾಬಾಯಿ ಬುಟ್ಟಿಯನ್ನು ಅಲ್ಲೇ ಬಿಟ್ಟು ದಾಟಿ ಬಂದಳು.

ಅವಳು ಮೊದಲು ಅಗ್ಗದ ಮಾನಿಟರಿನ ಮುಂದೆ ಬಾಗಿದಳು. ಅದರ ಗಾಜು ಫಳಫಳ ಹೊಳೆಯುತ್ತಿತ್ತು. ಅದರೊಳಗೆ ರಸ್ತೆ, ಎದುರಿನ ಚಹಾದಂಗಡಿ, ಹೋಗುವ ಬರುವ ಬಸ್ಸು ಎಲ್ಲವೂ ಇದ್ದವು, ನನ್ನ ಗ್ರಂಥಾಲಯವೊಂದು ಬಿಟ್ಟು. ಗೋದಾಬಾಯಿ ಅದರಲ್ಲಿ ನೋಡಿಕೊಂಡು ಕುಂಕುಮ ಸರಿ ಮಾಡಿಕೊಂಡಳು, ತುರುಬು ಬಿಗಿದಳು. ಆಮೇಲೆ ಪಕ್ಕದ ಐವತ್ತೆಂಟು ಸಾವಿರದ ಮುಂದೆ ಹೋಗಿ ಹಣೆ ಚಾಚಿದಳು. ಅದು ಹೊಳಪಿಲ್ಲದ, ಮಬ್ಬು ಮೈಯ ಪರದೆ. ಎಷ್ಟು ಬಾಗಿದರೂ ಅವಳ ಮುಖ ಮೂಡಲಿಲ್ಲ, ನನ್ನ ನಕ್ಷೆಯೇ ಕಾಣುತ್ತಿತ್ತು.

“ಇದರಾಗ ಏನೂ ಕಾಣೂದಿಲ್ಲರಿ ಸಾವ್ಕಾರ್ರ,” ಎಂದು ತೀರ್ಪು ಕೊಟ್ಟಳು. “ಬರೇ ಯಾವುದೋ ಮನಿ ಚಿತ್ರ ಕಾಣ್ತೈತಿ. ಅದನ್ನ ತಗೋರಿ, ಅದು ಛಲೋ ಐತಿ.”

ಅಪ್ಪಾಜಿ ಗೋದಾಬಾಯಿಯನ್ನು ನೋಡಿದರು. ಎರಡು ಮಾನಿಟರುಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ದುಬಾರಿಯದರ ಹತ್ತಿರ ಕುಕ್ಕರಗಾಲಲ್ಲಿ ಕೂತರು. ನನ್ನ ಫೀ ಕಟ್ಟುವ ಅಪ್ಪಾಜಿ ನನ್ನ ಒಂದು ಇಡೀ ನಕ್ಷೆಯನ್ನು ಮೊದಲ ಸಲ ನೋಡಿದ್ದು ಆಗಲೇ. ಗಾಜಿಗೆ ತಾಗಿಸದೆ ಬೆರಳಿನಲ್ಲೇ ನಕ್ಷೆಯ ಬಾಗಿಲಿನಿಂದ ಒಳಗೆ ನಡೆದರು, ಓದುವ ಕೋಣೆಯಲ್ಲಿ ತಿರುಗಿದರು, ಮೆಟ್ಟಿಲು ಹತ್ತಿದರು.

“ವಯಸ್ಸಾದವರು ಪೇಪರ್ ಓದಾಕ ಮ್ಯಾಲ ಯಾಕ ಹತ್ತಬೇಕು? ಅವರನ್ನ ಕೆಳಗ ಕುಂದ್ರಸು,” ಎಂದರು. “ಮತ್ತ ನೀರು ಕುಡಿಯೂ ಜಾಗಾ ಎಲ್ಲೈತಿ?”

ನೀರು ಕುಡಿಯುವ ಜಾಗ ನಾನು ಇಟ್ಟೇ ಇರಲಿಲ್ಲ.

ಆಗ ನನ್ನೊಳಗಿನ ಕಟ್ಟೆ ಒಡೆಯಿತು. ಕೊಟ್ಟ ಮಾತು, ಗಂಟು ಮುಖ, ವ್ಯಾಪಾರಧರ್ಮ ಎಲ್ಲ ಕೊಚ್ಚಿಕೊಂಡು ಹೋದವು. “ಅದ್ನ ಹೇಳೂದು ಅಪ್ಪಾಜಿ, ಇದರಾಗ ಎಲ್ಲಾ ಒಮ್ಮೆಲೆ ಕಾಣ್ತೈತಿ ನೋಡ್ರಿ, ಈ ಕಡೆ ಕೆಳಗಿನ ಮಹಡಿ, ಈ ಕಡೆ ಮ್ಯಾಲಿನ ಮಹಡಿ, ಹೊರಗಿನ ಬೆಳಕು ಬಿದ್ರೂ ಏನೂ ಆಗೂದಿಲ್ಲ, ಕಣ್ಣ ನೋಯೂದಿಲ್ಲ.” ಅಪ್ಪಾಜಿಗೆ ಕಟ್ಟಡದ ಭಾಷೆ ಪೂರ್ತಿ ತಿಳಿಯಲಿಕ್ಕಿಲ್ಲ ಎನಿಸಿ, ನನ್ನ ಬುದ್ಧಿವಂತಿಕೆಗೆ ನಾನೇ ಮೆಚ್ಚಿ, ಅವರದೇ ಉದಾಹರಣೆ ಕೊಟ್ಟೆ. “ನಿಮ್ಮ ಅಂಗಡ್ಯಾಗ ಇದ್ರ ಹೆಂಗಿರ್ತೈತಿ ವಿಚಾರ ಮಾಡ್ರಿ. ಈ ಬದಿಗೆ ಹುಬ್ಬಳ್ಳಿ ರೇಟು, ನಡುವ ರಾಯಚೂರು ರೇಟು, ಆ ಬದಿಗೆ ಗುಜರಾತ್ ರೇಟು. ಎಲ್ಲಾ ಒಂದ ನೋಟಕ್ಕ.”

ಅಪ್ಪಾಜಿ ಮೆಲ್ಲಗೆ ಎದ್ದು ತಮ್ಮ ಹತ್ತಿ ಅಂಗಡಿಯ ಗುಮಾಸ್ತ ವೆಂಕಣ್ಣನಿಗೆ ಫೋನು ಹಚ್ಚಿದರು. ಅಪ್ಪಾಜಿಯ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ, ಹಾಗಾಗಿ ಇಡೀ ಕೊಪ್ಪಿಕರ್ ರಸ್ತೆ ಕೇಳಿತು.

“ವೆಂಕಣ್ಣ, ಈಗ ನಮ್ಮ ಕಂಪ್ಯೂಟರ್‌ನ್ಯಾಗ ಏನ ಕಾಣಾಕತ್ತೈತಿ?”

“ಹೊರಗ ನಿಂತ ಟೆಂಪೊ ಕಾಣ್ತೈತ್ರಿ. ನಂಬರ್ ಸೈತ ಓದಬಹುದ್ರಿ.”

“ಮತ್ತ ರೇಟು ಹೆಂಗ ನೋಡ್ತಿ?”

“ತಲಿಮ್ಯಾಲ ಗೋಣಿಚೀಲ ಹೊದ್ಕೊಂಡು ನೋಡ್ತೇನ್ರಿ, ದಿನಾ ಹಂಗ ಅಲ್ಲೇನ್ರಿ. ಮೊನ್ನೆ ಶಿರಗುಪ್ಪಿಯಾಂವ ಒಬ್ಬ ನನಗ ಚಳಿಜ್ವರ ಬಂದೈತಿ ಅಂತ ತಿಳಕೊಂಡು ಗುಳಿಗಿ ತಂದು ಕೊಟ್ಟ.”

“ತಗೊಂಡೇನ?”

“ಪಾಪ, ಪ್ರೀತಿಲೆ ಕೊಟ್ಟಾನ್ರಿ.”

ಅಪ್ಪಾಜಿ ಫೋನು ಕಿಸೆಗಿಟ್ಟರು. ಹೆಗಲ ಮೇಲಿನ ಟವೆಲನ್ನು ತೆಗೆದು ಬಲಗೈ ಮೇಲೆ ಹಾಕಿ ಅಸ್ಫಾಕಣ್ಣನ ಕಡೆ ಚಾಚಿದರು. ನಮ್ಮ ಅಜ್ಜನ ಕಾಲದಲ್ಲಿ ಹೀಗೆಯೇ, ಬೇರೆಯವರಿಗೆ ಬೆಲೆ ತಿಳಿಯಬಾರದೆಂದು, ಬಟ್ಟೆಯ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುತ್ತಿದ್ದರಂತೆ. ಅಸ್ಫಾಕಣ್ಣ ಕೈಯನ್ನು ಅಂಗಿಗೆ ಒರೆಸಿಕೊಂಡರು. ಆಮೇಲೆ, “ನಮ್ಮಪ್ಪ ಹೋದ ಮ್ಯಾಲೆ ಇದನ್ನ ಯಾರೂ ಹಿಡದಿರ್ಲಿಲ್ಲ ಕಾಕಾ,” ಎಂದು ತಮ್ಮ ಕೈಯನ್ನು ಟವೆಲಿನ ಕೆಳಗೆ ತೂರಿಸಿದರು. ಟವೆಲು ಅಲುಗಾಡಿತು. ಅಪ್ಪಾಜಿ ತಲೆಯಲ್ಲಾಡಿಸಿದರು. ಮತ್ತೆ ಅಲುಗಾಡಿತು. ಅಸ್ಫಾಕಣ್ಣ ಆಕಾಶ ನೋಡಿದರು. ಗೋದಾಬಾಯಿ ಉಸಿರು ಬಿಗಿಹಿಡಿದು ನಿಂತಳು, ನಾನೂ ನಿಂತೆ. ಕೊನೆಗೆ ಇಬ್ಬರೂ ಒಟ್ಟಿಗೆ ನಕ್ಕರು. ಎಷ್ಟಕ್ಕೆ ಮುಗಿಯಿತೋ ನನಗೆ ಈವರೆಗೂ ಗೊತ್ತಿಲ್ಲ, ಕೇಳಿದರೆ ಅಪ್ಪಾಜಿ ಟವೆಲು ಝಾಡಿಸುತ್ತಾರೆ.

ನಾನು ಆ ಮಬ್ಬು ಮೈಯ ಸುಂದರಾಂಗನನ್ನು ಮತ್ತೆ ತಬ್ಬಿಕೊಂಡೆ. ಈ ಸಲ ಪೂರ್ತಿ ತಬ್ಬಿಕೊಂಡೆ.

“ಎಲ್ಲಿಗೆ ಕಳಸ್ಲಿ ಕಾಕಾ, ಬೈರಿದೇವರಕೊಪ್ಪಕ್ಕ, ಮನಿಗೆ?” ಎಂದು ಅಸ್ಫಾಕಣ್ಣ ಪೆನ್ನು ತೆಗೆದರು.

“ಮನಿಗ್ಯಾಕ? ಅಮರಗೋಳಕ್ಕ ಕಳಸು. ಅಂಗಡಿಗೆ.”

ನಾನು ತಬ್ಬಿಕೊಂಡೇ ಇದ್ದೆ. ಬಿಡಲು ಕೈ ಬರಲಿಲ್ಲ.

“ಅಪ್ಪಾಜಿ, ಇದು ನಂದಲ್ರಿ?”

“ನೀನ ಅಲ್ಲೇನ ಹೇಳಿದಾಕಿ, ಅಂಗಡ್ಯಾಗ ಇದ್ರ ಹೆಂಗಿರ್ತೈತಿ ವಿಚಾರ ಮಾಡ್ರಿ ಅಂತ? ಮಾಡಿದೆ. ಭಾಳ ಛಲೋ ವಿಚಾರ ಐತಿ, ಭಾಗ್ಯಾ.” ಅಪ್ಪಾಜಿ ನನ್ನನ್ನು ಇಷ್ಟು ಹೆಮ್ಮೆಯಿಂದ ನೋಡಿದ್ದು ನೆನಪಿಲ್ಲ. ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದ್ದು ಕೊನೆಗೂ ಸಾರ್ಥಕವಾಯಿತು ಎಂಬಂತಿತ್ತು ಮುಖ.

“ಮತ್ತ ನನಗ?”

“ನಿನ್ನ ಕೋಣ್ಯಾಗ ಪರದಾ ಹಾಕ್ಕೊಂಡು ಕುಂದರ್ತಿ, ಅಲ್ಲಿ ಬೆಳಕ ಎಲ್ಲೈತಿ? ನಿನಗ ಈ ಮಾಲು ಬೇಕೋ, ಬ್ಯಾರೆ ಬೇಕೋ, ಅದನ್ನ ನೋಡಬೇಕಲ್ಲ. ನೋಡೂಣು, ಸಾವಕಾಶ.”

“ಐದ ವಾರಕ್ಕ ಜ್ಯೂರಿ ಐತ್ರಿ ಅಪ್ಪಾಜಿ.”

“ಅಲ್ಲಿತನಕ ಅಂಗಡಿಗೆ ಬಾ. ಮಧ್ಯಾಹ್ನ ಮೂರರ ಮ್ಯಾಲ ರೇಟಿನ ಕೆಲಸ ಇರೂದಿಲ್ಲ. ನೀ ಕುಂದ್ರು.”

ಹಾಗಾಗಿ ನನ್ನ ಗ್ರಂಥಾಲಯ ಈಗ ಅಮರಗೋಳದ ಯಾರ್ಡಿನಲ್ಲಿ ಏಳುತ್ತಿದೆ. ಕೀಬೋರ್ಡಿನ ಮೇಲೆ ಹತ್ತಿಯ ನವಿರು ಬಂದು ಕೂರುತ್ತದೆ, ಊದುತ್ತೇನೆ, ಮತ್ತೆ ಬರುತ್ತದೆ. ಮಾಲು ತಂದ ರೈತರು ನನ್ನ ಬೆನ್ನ ಹಿಂದೆ ನಿಂತು ಬಾಗಿಲು ಮೂಡಣಕ್ಕೆ ಇರಲಿ, ಚಪ್ಪಲಿ ಬಿಡಲು ಕಟ್ಟೆ ಇರಲಿ ಎಂದು ಸೂಚಿಸುತ್ತಾರೆ. (ಕಟ್ಟೆ ಇಟ್ಟಿದ್ದೇನೆ. ಚೆನ್ನಾಗಿದೆ.) ನೀರು ಕುಡಿಯುವ ಜಾಗ ಬಾಗಿಲ ಪಕ್ಕದಲ್ಲೇ ಬಂದಿದೆ, ಮೆಟ್ಟಿಲು ಈ ಸಲ ಒಂದು ಕೋಣೆಗೆ ತಲುಪುತ್ತದೆ. ಬಣ್ಣಗಳಂತೂ, ಅಯ್ಯೋ, ಏನು ಹೇಳಲಿ, ಇಟ್ಟಿಗೆ ಇಟ್ಟಿಗೆಯ ಹಾಗೆಯೇ ಕಾಣುತ್ತದೆ. ಐವತ್ತೆಂಟು ಸಾವಿರಕ್ಕೆ ತಕ್ಕ ಮಾಲು ಹೌದೋ ಅಲ್ಲವೋ ಎಂದರೆ, ಹೌದು, ನೂರಕ್ಕೆ ನೂರು ಹೌದು. ನನ್ನದಲ್ಲ, ಅಷ್ಟೇ.

ವೆಂಕಣ್ಣ ಮಾತ್ರ ನಿನ್ನೆಯಿಂದ ಕುತ್ತಿಗೆ ಹಿಡಿದುಕೊಂಡು ಓಡಾಡುತ್ತಿದ್ದಾನೆ. ಪರದೆ ಎತ್ತರವಾಯಿತು, ಅವನ ಮರದ ಕುರ್ಚಿ ತಗ್ಗಾಯಿತು. ಅಸ್ಫಾಕಣ್ಣನ ಅಂಗಡಿಯ ಮೂಲೆಯಲ್ಲಿ ಕೆಂಪು ಪಟ್ಟಿಯ ಗೇಮಿಂಗ್ ಕುರ್ಚಿಯೊಂದಿದೆ, ಏರಿಸಬಹುದು ಇಳಿಸಬಹುದು, ಎಂದು ಅವನಿಗೆ ಯಾರೋ ಹೇಳಿದ್ದಾರೆ. (ಯಾರೋ ಅಂದರೆ ನಾನೇ. ಬಾಯಿ ಸುಮ್ಮನಿರುವುದಿಲ್ಲ.) ಧೋತರ ಉಟ್ಟ ವೆಂಕಣ್ಣ ಆ ಕುರ್ಚಿಯಲ್ಲಿ ಕೂತು ತಿರುಗುವುದನ್ನು ನೆನೆಸಿಕೊಂಡರೆ ನನಗೆ ನಗು ತಡೆಯಲಾಗುತ್ತಿಲ್ಲ, ಅಪ್ಪಾಜಿಗೆ ಮಾತ್ರ ಅದು ಗಂಭೀರ ವಿಷಯ.

ಮುಂದಿನ ಗುರುವಾರ ಹನ್ನೊಂದಕ್ಕೆ ಮೂವರೂ ಹೋಗುತ್ತಿದ್ದೇವೆ. ಮೊದಲು ವೆಂಕಣ್ಣನ ಕುರ್ಚಿ ನೋಡುವುದು, ಹೊತ್ತು ಉಳಿದರೆ ನನ್ನ ಮಾನಿಟರ್.